ಯಾವ ಪುಸ್ತಕ, ಯಾವ ಕೋರ್ಸ್? ಕೆಲಸದಲ್ಲಿರುವ ಪ್ರೋಗ್ರಾಮರ್‌ಗೊಂದು ಹೋಲಿಕೆ

ನಮ್ಮ ಟೀಮಿನ ಹುಡುಗ ಹುಡುಗಿಯರು ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುವ ಹೊತ್ತಿಗೆ ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. "ಅಕ್ಕಾ, ಇನ್ನೂ ಚೆನ್ನಾಗಿ ಕೋಡ್ ಬರೀಬೇಕು ಅಂದ್ರೆ ಯಾವ ಕೋರ್ಸ್ ತಗೊಳ್ಳಲಿ?" ಅಷ್ಟು ಹೊತ್ತಿಗೆ ಅವರಿಗೆ ಒಂದು ಭಾಷೆ ಕೈಗೆ ಹತ್ತಿರುತ್ತದೆ. ಟಿಕೆಟ್ ಕೊಟ್ಟರೆ ಮುಗಿಸುತ್ತಾರೆ. ಆದರೆ ತಾವೇ ಬರೆದ ಕೋಡನ್ನು ಆರು ತಿಂಗಳು ಬಿಟ್ಟು ತೆರೆದರೆ ತಲೆಬುಡ ಗೊತ್ತಾಗುವುದಿಲ್ಲ. ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ಬಳಸುತ್ತಿರುವ ಸಿಸ್ಟಮ್‌ನಲ್ಲಿ, ಏನಾದರೂ ಬಿದ್ದರೆ ಎಲ್ಲಿಂದ ಹುಡುಕಬೇಕು ಅಂತ ತಿಳಿಯುವುದಿಲ್ಲ. ಈ ಬರಹ ಅಂಥವರಿಗೆ. ಪ್ರೋಗ್ರಾಮಿಂಗನ್ನು ಈಗಷ್ಟೇ ಕಲಿಯುತ್ತಿರುವವರ ದಾರಿ ಬೇರೆ.

ನಾನು ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಬ್ಯಾಕೆಂಡ್ ಕೆಲಸ ಮಾಡುತ್ತಿದ್ದೇನೆ. ಪುಸ್ತಕ, ವಿಡಿಯೊ, ಒಗಟು ಬಿಡಿಸುವ ಸೈಟು, ಮೀಟಪ್ಪು, ಎಲ್ಲಕ್ಕೂ ದುಡ್ಡು ಕೊಟ್ಟಿದ್ದೇನೆ, ರಾತ್ರಿಗಳನ್ನೂ ಕೊಟ್ಟಿದ್ದೇನೆ. ಈಗ ಯಾವುದನ್ನು ಆರಿಸುವ ಮೊದಲೂ ಒಂದೇ ಮಾತು ಕೇಳಿಕೊಳ್ಳುತ್ತೇನೆ: ಇದರಲ್ಲಿ ನಾನು ತಪ್ಪು ಮಾಡಿದರೆ ನನಗೆ ಯಾರು ಹೇಳುತ್ತಾರೆ? ಬೆಲೆ, ಹೆಸರು, ಸರ್ಟಿಫಿಕೇಟು, ಎಲ್ಲ ಆಮೇಲೆ.

ಕೋಡ್ ರಿವ್ಯೂ

ನಾವು ಬರೆದ ಕೋಡನ್ನು ಸೇರಿಸುವ ಮೊದಲು ಇನ್ನೊಬ್ಬರು ಓದಿ ನೋಡುವುದು ಕೋಡ್ ರಿವ್ಯೂ. ಮೊದಲ ಜಾಗ ಇದಕ್ಕೇ ಕೊಡುತ್ತೇನೆ. ಮೂರನೇ ವರ್ಷದಲ್ಲಿ ನಾನು ಬಿಲ್ಲಿಂಗ್ ಸರ್ವಿಸ್‌ನಲ್ಲಿದ್ದೆ. ಬಿಲ್ ಕಳಿಸುವ ಒಂದು ಫಂಕ್ಷನ್ ಬರೆದೆ. ಅದನ್ನು ಕರೆಯುವ ಕಡೆ ಮೂರು ಆರ್ಗ್ಯುಮೆಂಟ್: ಗ್ರಾಹಕರ ಐಡಿ, ಒಂದು ಟ್ರೂ, ಒಂದು ಫಾಲ್ಸ್. ಕೋಡ್ ಸರಿಯಾಗಿ ಓಡುತ್ತಿತ್ತು. ಟೆಸ್ಟ್ ಎಲ್ಲ ಪಾಸ್ ಆಗಿದ್ದವು. ರಿವ್ಯೂ ಮಾಡಿದ ಸೀನಿಯರ್ ಒಂದೇ ಸಾಲು ಬರೆದರು: "ಬೇರೆ ಫೈಲ್ ತೆರೆಯದೆ, ಈ ಸಾಲು ಮಾತ್ರ ನೋಡಿ, ಆ ಟ್ರೂ ಅಂದ್ರೆ ಏನು ಅಂತ ಹೇಳು ನೋಡೋಣ." ನನ್ನದೇ ಕೋಡು, ಬರೆದು ಒಂದು ವಾರವೂ ಆಗಿರಲಿಲ್ಲ. ಆದರೂ ಟ್ರೂ ಅಂದರೆ ಇಮೇಲ್ ಹೋಗಲಿ ಅಂತಲೋ, ಜಿಎಸ್‌ಟಿ ವಿವರ ಸೇರಲಿ ಅಂತಲೋ ನೆನಪಾಗಲಿಲ್ಲ. ಎರಡಕ್ಕೂ ಹೆಸರು ಕೊಟ್ಟು ಮತ್ತೆ ಬರೆದೆ. ಇವತ್ತಿಗೂ ಬರಿಯ ಟ್ರೂ, ಫಾಲ್ಸ್ ಕಂಡರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ.

ಇದೇ ಬುದ್ಧಿಮಾತನ್ನು ಅದಕ್ಕೂ ಮೊದಲು ಪುಸ್ತಕದಲ್ಲಿ ಓದಿದ್ದೆ. ಹೌದು ಹೌದು ಅಂತ ತಲೆಯಾಡಿಸಿ ಪುಟ ತಿರುಗಿಸಿದ್ದೆ. ನನ್ನ ಕೋಡಿನ ಮೇಲೆ, ನನ್ನ ಸಾಲಿನ ಪಕ್ಕದಲ್ಲಿ ಬಂದಾಗಲೇ ಅದು ನಾಟಿದ್ದು.

ರಿವ್ಯೂನಿಂದ ಕಲಿಯಬೇಕಾದರೆ ನೀವೂ ಸ್ವಲ್ಪ ದಾರಿ ಮಾಡಿಕೊಡಬೇಕು. ಸಾವಿರದೈನೂರು ಸಾಲಿನ ಪಿಆರ್ (ಪುಲ್ ರಿಕ್ವೆಸ್ಟ್, ನನ್ನ ಬದಲಾವಣೆ ಸೇರಿಸಿಕೊಳ್ಳಿ ಎನ್ನುವ ಕೋರಿಕೆ) ಹಾಕಿದರೆ ಯಾರೂ ಓದುವುದಿಲ್ಲ, ಸುಮ್ನೆ ಅಪ್ರೂವ್ ಒತ್ತುತ್ತಾರೆ. ಅದನ್ನೇ ನೂರೈವತ್ತು ಸಾಲಿನ ತುಂಡು ಮಾಡಿ ಹಾಕಿ. ಜೊತೆಗೆ ನಿಮಗೆ ಅನುಮಾನವಿರುವ ಜಾಗವನ್ನು ನೀವೇ ತೋರಿಸಿ: "ಈ ಲೂಪ್ ಒಳಗೆ ಡೇಟಾಬೇಸ್‌ಗೆ ಹೋಗ್ತಿದ್ದೀನಿ, ಇದನ್ನು ಹೊರಗೆ ತರಬಹುದಾ?" ಹೀಗೆ ಕೇಳಿದರೆ ಎಷ್ಟೇ ಬಿಡುವಿಲ್ಲದ ಸೀನಿಯರ್ ಕೂಡ ಎರಡು ನಿಮಿಷ ನಿಂತು ನೋಡುತ್ತಾರೆ. ಬೇರೆಯವರ ಪಿಆರ್‌ಗಳನ್ನು ನೀವಾಗಿಯೇ ಓದಿ. ನಿಮ್ಮ ಹೆಸರು ರಿವ್ಯೂವರ್ ಪಟ್ಟಿಯಲ್ಲಿ ಇರಬೇಕಾಗಿಲ್ಲ.

ಕೊರತೆ ಏನಂದರೆ, ಇದು ಟೀಮ್ ಮೇಲೆ ನಿಂತಿದೆ. ಕೆಲವು ಕಡೆ ರಿವ್ಯೂ ಅಂದರೆ ಹೆಬ್ಬೆರಳಿನ ಗುರುತು ಹಾಕಿ ಮರ್ಜ್ ಮಾಡುವುದು, ಅಷ್ಟೇ. ಆರು ತಿಂಗಳಲ್ಲಿ ನಿಮ್ಮ ಕೋಡಿನ ಬಗ್ಗೆ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳದಿದ್ದರೆ, ಈ ದಾರಿ ನಿಮಗೆ ಇಲ್ಲ ಎಂದೇ ತಿಳಿಯಿರಿ. ಆಗ ಅದನ್ನು ಹೊರಗಡೆ ಹುಡುಕಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಪುಸ್ತಕ: ಒಂದಕ್ಕೊಂದು ಒಪ್ಪದವುಗಳನ್ನು ಜೊತೆಗಿಟ್ಟು ಓದಿ

ಪುಸ್ತಕ ನಿಮ್ಮ ತಪ್ಪು ತೋರಿಸುವುದಿಲ್ಲ. ಆದರೆ ರಿವ್ಯೂನಲ್ಲಿ ಒಂದು ಸಾಲಿನಲ್ಲಿ ಬಂದ ಮಾತಿನ ಹಿಂದಿನ ಪೂರ್ತಿ ಯೋಚನೆ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಯಾವ ಪುಸ್ತಕ ಎನ್ನುವುದು ನಿಮಗೆ ಈಗ ಎಲ್ಲಿ ಮುಳ್ಳು ಚುಚ್ಚುತ್ತಿದೆ ಎನ್ನುವುದರ ಮೇಲೆ ಹೋಗುತ್ತದೆ.

ಕೋಡ್ ಓಡುತ್ತದೆ, ಆದರೆ ಒಂದು ಕಡೆ ಮುಟ್ಟಿದರೆ ಹತ್ತು ಕಡೆ ಒಡೆಯುತ್ತದೆ ಅನ್ನುವವರಿಗೆ ಜಾನ್ ಔಸ್ಟರ್‌ಹೌಟ್ ಬರೆದ 'ಎ ಫಿಲಾಸಫಿ ಆಫ್ ಸಾಫ್ಟ್‌ವೇರ್ ಡಿಸೈನ್' ಕೊಡುತ್ತೇನೆ. ಮೊದಲ ಮುದ್ರಣ 2018ರದು, ಎರಡನೆಯದು 2021ರದು. ಸಣ್ಣ ಪುಸ್ತಕ, ಎರಡು ವಾರಾಂತ್ಯಕ್ಕೆ ಮುಗಿಯುತ್ತದೆ. ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಗಳ ಕೋಡನ್ನು ಓದಿ, ತಪ್ಪು ತೋರಿಸಿ, ಮತ್ತೆ ಬರೆಸುತ್ತಿದ್ದರು. ಪ್ರಬಂಧ ತಿದ್ದಿದ ಹಾಗೆ. ಅದರಿಂದ ಹುಟ್ಟಿದ ಪುಸ್ತಕ ಇದು. ಅದರ ಮುಖ್ಯ ಮಾತು, ಒಳ್ಳೆಯ ಮಾಡ್ಯೂಲ್‌ನ ಬಾಗಿಲು, ಅಂದರೆ ಹೊರಗಿನ ಕೋಡ್ ಅದನ್ನು ಕರೆಯುವ ದಾರಿ, ಚಿಕ್ಕದಿರಬೇಕು, ಒಳಗೆ ಕೆಲಸ ಜಾಸ್ತಿ ನಡೆಯಬೇಕು. ಅದಕ್ಕೆ ಅವರು ಕೊಡುವ ಉದಾಹರಣೆ ಯುನಿಕ್ಸ್‌ನ ಫೈಲ್ ಕೆಲಸ: ಓಪನ್, ರೀಡ್, ರೈಟ್, ಎಲ್‌ಸೀಕ್, ಕ್ಲೋಸ್. ಐದೇ ಕರೆ. ಡಿಸ್ಕ್ ಮೇಲೆ ಜಾಗ ಹುಡುಕುವುದು, ಅನುಮತಿ ನೋಡುವುದು, ಕ್ಯಾಶ್ ಮಾಡುವುದು ಎಲ್ಲ ಒಳಗೆ. ಕರೆಯುವವರಿಗೆ ಅದರ ಗೊಡವೆಯೇ ಇಲ್ಲ.

ಇದರ ಪಕ್ಕದಲ್ಲಿ ರಾಬರ್ಟ್ ಮಾರ್ಟಿನ್ ಅವರ 'ಕ್ಲೀನ್ ಕೋಡ್' ಇಡಿ. 2008ರದು, ನಮ್ಮ ಕಂಪನಿಗಳಲ್ಲಿ ಎಲ್ಲರೂ ಹೆಸರು ಕೇಳಿರುವ ಪುಸ್ತಕ. ಅದು ಫಂಕ್ಷನ್‌ಗಳು ತುಂಬ ಚಿಕ್ಕದಾಗಿರಲಿ, ಕಾಮೆಂಟ್ ಬರೆಯಬೇಕಾಗಿ ಬಂದರೆ ಕೋಡೇ ಸರಿಯಾಗಿ ಮಾತಾಡುತ್ತಿಲ್ಲ ಎಂದು ತಿಳಿಯಿರಿ ಎನ್ನುತ್ತದೆ. ಔಸ್ಟರ್‌ಹೌಟ್ ಇದನ್ನು ಒಪ್ಪುವುದಿಲ್ಲ. ಚೂರುಚೂರು ಮಾಡಿದರೆ ಓದುವವರು ಫೈಲ್ ತುಂಬ ಓಡಾಡಬೇಕಾಗುತ್ತದೆ, ಕಾಮೆಂಟ್ ಇಲ್ಲದೆ ಕೋಡಿನ ಹಿಂದಿನ ಉದ್ದೇಶ ತಿಳಿಯುವುದೇ ಇಲ್ಲ ಎನ್ನುವುದು ಅವರ ವಾದ. ಫಂಕ್ಷನ್ ಉದ್ದ, ಕಾಮೆಂಟ್, ಟೆಸ್ಟ್ ಮೊದಲು ಬರೆಯುವ ಪದ್ಧತಿ, ಈ ಮೂರರ ಮೇಲೆ ಇಬ್ಬರೂ ಬರಹದಲ್ಲೇ ಚರ್ಚೆ ಮಾಡಿ ಗಿಟ್‌ಹಬ್‌ನಲ್ಲಿ ಹಾಕಿದ್ದಾರೆ. ಬಿಟ್ಟಿಯಾಗಿ ಓದಬಹುದು. ಒಂದನ್ನೇ ಕೊಳ್ಳುವುದಾದರೆ ನನ್ನ ಮತ ಔಸ್ಟರ್‌ಹೌಟ್‌ಗೆ. ಆದರೆ ಆ ಚರ್ಚೆ ಓದದೆ ಬಿಡಬೇಡಿ. ಇಬ್ಬರು ಅನುಭವಿಗಳು ಒಂದೇ ತುಂಡು ಕೋಡನ್ನು ನೋಡಿ ಬೇರೆ ಬೇರೆ ಮಾತಾಡುವುದನ್ನು ಕಂಡಾಗ, ನೀವು ಯಾರ ಪರ, ಯಾಕೆ ಎಂದು ಯೋಚಿಸಲೇಬೇಕಾಗುತ್ತದೆ.

ಹಳೇ ಕೋಡ್ ತಲೆಗೆ ಕಟ್ಟಿದ್ದಾರೆ, ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ, ಒಂದು ಟೆಸ್ಟೂ ಇಲ್ಲ. ನಮ್ಮ ಊರಿನಲ್ಲಿ ಎಷ್ಟೋ ಜನರ ದಿನನಿತ್ಯದ ಪಾಡು ಇದು. ಅವರಿಗೆ ಮೈಕಲ್ ಫೆದರ್ಸ್ ಅವರ 'ವರ್ಕಿಂಗ್ ಎಫೆಕ್ಟಿವ್ಲಿ ವಿತ್ ಲೆಗಸಿ ಕೋಡ್', 2004. ಟೆಸ್ಟ್ ಇಲ್ಲದ ಕೋಡೇ ಲೆಗಸಿ ಕೋಡ್ ಎಂದು ಅದು ನೇರವಾಗಿ ಹೇಳುತ್ತದೆ. ಮುಟ್ಟುವ ಮೊದಲು ಕೋಡ್ ಈಗ ಏನು ಮಾಡುತ್ತಿದೆಯೋ ಅದನ್ನೇ, ತಪ್ಪಿದ್ದರೂ ಸರಿ, ಟೆಸ್ಟ್ ಆಗಿ ಬರೆದಿಟ್ಟುಕೊಳ್ಳಿ ಎನ್ನುವ ಅದರ ಉಪಾಯ ನನ್ನನ್ನು ಹಲವು ಶುಕ್ರವಾರ ಸಂಜೆ ಕಾಪಾಡಿದೆ. ಉದಾಹರಣೆಗಳು ಹೆಚ್ಚಾಗಿ ಜಾವಾ, ಸಿ++. ಬೇರೆ ಭಾಷೆಯವರಿಗೆ ಸ್ವಲ್ಪ ತ್ರಾಸ, ಆದರೂ ಓದಬಹುದು.

ಇನ್ನು ಡೇಟಾ, ಕ್ಯೂ, ಹಲವು ಸರ್ವರ್ ಸೇರುವ ಕಡೆ ಕೆಲಸ ಮಾಡುವವರಿಗೆ ಮಾರ್ಟಿನ್ ಕ್ಲೆಪ್‌ಮನ್ ಅವರ 2017ರ 'ಡಿಸೈನಿಂಗ್ ಡೇಟಾ-ಇಂಟೆನ್ಸಿವ್ ಅಪ್ಲಿಕೇಶನ್ಸ್'. ದಪ್ಪ ಪುಸ್ತಕ. ಇದರ ಜೊತೆ ನನಗೆ ಒಂದು ಕಥೆಯೇ ಇದೆ. ಒಂದು ತಿಂಗಳು ನಮ್ಮ ಕೆಲವು ಗ್ರಾಹಕರಿಗೆ ಒಂದೇ ಬಿಲ್ ಎರಡೆರಡು ಸಲ ಹೋಯಿತು. ಕ್ಯೂನಿಂದ (ಮಾಡಬೇಕಾದ ಕೆಲಸಗಳು ಸಾಲಾಗಿ ಕಾಯುವ ಜಾಗ) ಸಂದೇಶ ತೆಗೆದುಕೊಂಡ ವರ್ಕರ್ ಪ್ರೋಗ್ರಾಂ ಬಿಲ್ ಕಳಿಸಿ, "ಆಯ್ತು" ಎಂದು ಕ್ಯೂಗೆ ಹೇಳುವ ಮೊದಲೇ ಸತ್ತಿತ್ತು. ಕ್ಯೂ ಅದೇ ಸಂದೇಶವನ್ನು ಇನ್ನೊಂದು ವರ್ಕರ್‌ಗೆ ಕೊಟ್ಟಿತು. ತಪ್ಪು ಕ್ಯೂನದಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಈ ಪುಸ್ತಕ ನನ್ನ ಕಪಾಟಿನಲ್ಲೇ ಇತ್ತು, ಮೂರು ಅಧ್ಯಾಯ ಓದಿ ಬಿಟ್ಟಿದ್ದೆ. ಆ ವಾರ ಸೀದಾ ಹನ್ನೊಂದನೇ ಅಧ್ಯಾಯಕ್ಕೆ ಹೋದೆ. ಐಡೆಂಪೊಟೆನ್ಸ್, ಅಂದರೆ ಒಂದೇ ಕೆಲಸ ಎರಡು ಸಲ ಮಾಡಿದರೂ ಫಲ ಒಂದೇ ಇರುವುದು, ಎನ್ನುವ ಪದದ ಹತ್ತಿರ ಪೆನ್ಸಿಲ್ ಗೆರೆ ಇನ್ನೂ ಇದೆ. ಪ್ರತಿ ಬಿಲ್‌ಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಕಳಿಸುವ ಸೇವೆಯೇ ಆ ಸಂಖ್ಯೆ ನೋಡಿ ಎರಡನೇ ಸಲ ಬಂದಿದ್ದನ್ನು ಬಿಟ್ಟುಬಿಡುವ ಹಾಗೆ ಮಾಡಿದೆವು. ದಪ್ಪ ಪುಸ್ತಕಗಳನ್ನು ಮೊದಲ ಪುಟದಿಂದ ಓದಲೇಬೇಕು ಎನ್ನುವ ಹಟ ಅವತ್ತು ಬಿಟ್ಟೆ.

ಈ ಪುಸ್ತಕಗಳೆಲ್ಲ ಇಂಗ್ಲಿಷ್‌ನಲ್ಲೇ ಇವೆ. ಅದಕ್ಕೆ ನಾನು ಹೇಳುವುದು, ಇಬ್ಬರು ಮೂವರು ಸೇರಿ ಓದಿ, ಓದಿದ್ದನ್ನು ಕನ್ನಡದಲ್ಲಿ ಹೇಳಿ. ನಮ್ಮ ಗುಂಪಿನಲ್ಲಿ ಐಡೆಂಪೊಟೆನ್ಸ್ ಅಂದರೇನು ಎಂದು ಕೇಳಿದಾಗ ಹಾಸನದ ಗೆಳತಿಯೊಬ್ಬಳು ಹೀಗಂದಳು: "ಹಾಕಿರೋ ಬೀಗನ ಮತ್ತೆ ಒತ್ತಿದ್ರೆ ಏನೂ ಆಗಲ್ಲ. ಸಾರಿಗೆ ಉಪ್ಪು ಎರಡು ಸಲ ಬಿದ್ರೆ ಮುಗೀತು. ನಮ್ಮ ಬಿಲ್ಲು ಉಪ್ಪಿನ ಥರ ಇತ್ತು, ಅದನ್ನ ಬೀಗದ ಥರ ಮಾಡ್ಬೇಕಿತ್ತು." ಇಂಗ್ಲಿಷ್ ಪದಗಳ ಮರೆಯಲ್ಲಿ ಅರ್ಥವಾದ ಹಾಗೆ ಕಾಣುವುದು ಸುಲಭ. ಮನೆಮಾತಿನಲ್ಲಿ ಹೇಳಹೊರಟರೆ ಎಲ್ಲಿ ಗೊತ್ತಿಲ್ಲವೋ ಅಲ್ಲೇ ಮಾತು ನಿಲ್ಲುತ್ತದೆ, ಎದುರಿಗಿರುವವರು ಹಿಡಿದುಬಿಡುತ್ತಾರೆ. ತಪ್ಪು ತೋರಿಸುವವರು ಇಲ್ಲದ ಪುಸ್ತಕಕ್ಕೆ ಹೀಗೆ ತಪ್ಪು ತೋರಿಸುವವರು ಸಿಗುತ್ತಾರೆ.

ಬೆಲೆಯ ಬಗ್ಗೆ ಒಂದು ಮಾತು. ಓರೈಲಿ ಎನ್ನುವ ಪ್ರಕಾಶಕರ ಪುಸ್ತಕಗಳ ಭಾರತದ ಮುದ್ರಣವನ್ನು ಶ್ರಾಫ್ ಪಬ್ಲಿಷರ್ಸ್ ತರುತ್ತದೆ. ಹೊರದೇಶದ ಮುದ್ರಣಕ್ಕಿಂತ ತುಂಬ ಅಗ್ಗ, ಆದ್ದರಿಂದ ಕೊಳ್ಳುವ ಮುಂಚೆ ಯಾವ ಮುದ್ರಣ ಅಂತ ನೋಡಿಕೊಳ್ಳಿ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಪುಸ್ತಕದಂಗಡಿಗೂ ಒಂದು ಸಲ ಹೋಗಿ ಬನ್ನಿ. ಬಳಸಿದ ಪುಸ್ತಕ ಸಿಕ್ಕರೆ ಅದೃಷ್ಟ.

ವಿಡಿಯೊ ಕೋರ್ಸ್

ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಬೇರೆಯವರು ಕೋಡ್ ಬರೆಯುವುದನ್ನು ನೋಡುವಾಗ ಎಲ್ಲ ಅರ್ಥವಾಗುತ್ತದೆ. ವಿಡಿಯೊ ಮುಚ್ಚಿ ಖಾಲಿ ಫೈಲ್ ತೆರೆದಾಗ ಕೈ ಓಡುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕೊಂಡು ಅರ್ಧಕ್ಕೆ ಬಿಟ್ಟ ಕೋರ್ಸ್‌ಗಳು ಯಾರ ಹತ್ತಿರ ಇಲ್ಲ ಹೇಳಿ? ಹೊಸ ಫ್ರೇಮ್‌ವರ್ಕ್ ಒಂದರ ಪರಿಚಯ ಬೇಗ ಬೇಕು, ಮುಂದಿನ ಸ್ಪ್ರಿಂಟ್‌ಗೆ ಅದೇ ಕೆಲಸ ಇದೆ ಅಂದರೆ ವಿಡಿಯೊ ನೋಡಿ. ಆಗಲೂ ಆ ಫ್ರೇಮ್‌ವರ್ಕ್‌ನ ಸ್ವಂತ ಡಾಕ್ಯುಮೆಂಟೇಶನ್ ಮೊದಲು ತೆರೆಯಿರಿ. ಬಹಳ ಸಲ ಅದೇ ಸಾಕಾಗುತ್ತದೆ, ಹೊಸದೂ ಆಗಿರುತ್ತದೆ.

ಎರಡಕ್ಕೆ ಮಾತ್ರ ವಿನಾಯಿತಿ. ಒಂದು, ಎಂಐಟಿಯಲ್ಲಿ 2020ರಲ್ಲಿ ನಡೆದ 'ಮಿಸ್ಸಿಂಗ್ ಸೆಮಿಸ್ಟರ್'. ಶೆಲ್, ಎಡಿಟರ್, ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ), ಡಿಬಗ್ಗಿಂಗ್, ಕಾಲೇಜಿನಲ್ಲಿ ಯಾರೂ ಕಲಿಸದ, ಆಫೀಸಿನಲ್ಲಿ ಎಲ್ಲರಿಗೂ ಬರುತ್ತದೆ ಎಂದುಕೊಳ್ಳುವ ವಿಷಯಗಳು. ಬಿಟ್ಟಿ, ಒಂದೊಂದೂ ಸುಮಾರು ಒಂದು ತಾಸು, ಕೊನೆಗೆ ಅಭ್ಯಾಸವೂ ಇದೆ. ನಮ್ಮ ಟೀಮಿನ ಹುಡುಗನೊಬ್ಬನಿಗೆ ಅದರ ಗಿಟ್ ಪಾಠ ಮುಗಿಸುವಂತೆ ಹೇಳಿ, ಆಮೇಲೆ ಗಿಟ್ ಬೈಸೆಕ್ಟ್ ತೋರಿಸಿದೆ. ಎಲ್ಲೋ ಸಾವಿರ ಕಮಿಟ್‌ಗಳ, ಅಂದರೆ ದಾಖಲಾದ ಬದಲಾವಣೆಗಳ, ನಡುವೆ ಒಂದು ಬಗ್ ನುಸುಳಿತ್ತು. ಅರ್ಧ ಅರ್ಧ ಮಾಡುತ್ತ ಹೋದರೆ ಹತ್ತು ಹೆಜ್ಜೆಗೆ ಸಿಕ್ಕಿಬಿಡುತ್ತದೆ. ಎರಡು ದಿನದಿಂದ ಲಾಗ್ ಓದುತ್ತಿದ್ದವನು ಇಪ್ಪತ್ತು ನಿಮಿಷದಲ್ಲಿ ಆ ಕಮಿಟ್ ಹಿಡಿದ.

ಇನ್ನೊಂದು ಎನ್‌ಪಿಟಿಇಎಲ್. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಇಂಥ ಬುನಾದಿ ವಿಷಯಗಳನ್ನು ಕಾಲೇಜಿನಲ್ಲಿ ಪರೀಕ್ಷೆಗಷ್ಟೇ ಓದಿದವರಿಗೆ, ಅಥವಾ ಮೆಕ್ಯಾನಿಕಲ್, ಸಿವಿಲ್ ಓದಿ ಐಟಿಗೆ ಬಂದವರಿಗೆ ಇದು ಒಳ್ಳೆಯದು. ವಾರ ವಾರ ಅಸೈನ್‌ಮೆಂಟ್ ಇರುತ್ತದೆ, ಅದಕ್ಕೆ ಕೊನೇ ದಿನಾಂಕ ಇರುತ್ತದೆ. ಆ ದಿನಾಂಕವೇ ಅರ್ಧ ಗುರು. ಪಾಠ ಬಿಟ್ಟಿ. ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.

ಒಗಟು ಬಿಡಿಸುವ ಸೈಟುಗಳು

ಲೀಟ್‌ಕೋಡ್ ಬೇಕೋ ಬೇಡವೋ ಎನ್ನುವುದಕ್ಕೆ ಉತ್ತರ ಸುಲಭ. ಇಂಟರ್‌ವ್ಯೂ ಇದ್ದರೆ ಬೇಕು. ಅದರ ಯಂತ್ರ ಎರಡೇ ಮಾತು ಹೇಳುತ್ತದೆ: ಉತ್ತರ ಸರಿಯೋ ತಪ್ಪೋ, ಬೇಗ ಓಡಿತೋ ಇಲ್ಲವೋ. ಹೆಸರು ಸರಿ ಇಟ್ಟಿದ್ದೀರಾ, ನಾಳೆ ನಿಯಮ ಬದಲಾದರೆ ಎಷ್ಟು ಕಡೆ ತಿದ್ದಬೇಕು, ಇವನ್ನು ಅದು ಕೇಳುವುದಿಲ್ಲ. ನಾವು ಸಂಬಳ ಪಡೆಯುವುದು ಹೆಚ್ಚಾಗಿ ಇವಕ್ಕೇ ಅಲ್ವಾ?

ಎಕ್ಸರ್ಸಿಸಂ ಬೇರೆ ಥರ. ಕ್ಯಾಟ್ರಿನಾ ಓವನ್ 2013ರಲ್ಲಿ ಶುರು ಮಾಡಿದ ಸೈಟು, ಈಗ ಲಾಭದ ಉದ್ದೇಶವಿಲ್ಲದ ಸಂಸ್ಥೆ, ಎಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅಭ್ಯಾಸ, ಎಲ್ಲ ಬಿಟ್ಟಿ. ಟೆಸ್ಟ್ ಪಾಸ್ ಆದ ಮೇಲೆ ನಿಮ್ಮ ಕೋಡನ್ನು ಒಬ್ಬ ಮನುಷ್ಯರು ಓದಲಿ ಎಂದು ಕೇಳಬಹುದು. ಸ್ವಯಂಸೇವಕರು ಓದಿ ಹೇಳುತ್ತಾರೆ. ಆಫೀಸಿನಲ್ಲಿ ರಿವ್ಯೂ ಸಿಗದವರು ಹೊರಗೆ ಹುಡುಕಬೇಕು ಎಂದೆನಲ್ಲ, ಮೊದಲ ಬಾಗಿಲು ಇದು. ಗೋ ಭಾಷೆ ಕಲಿಯುವಾಗ ನಾನು ಪೈಥಾನ್ ಥರವೇ ಗೋ ಬರೆಯುತ್ತಿದ್ದೆ. ಅದನ್ನು ಹೇಳಿದ್ದು ಯಾವ ಪುಸ್ತಕವೂ ಅಲ್ಲ, ಗುರುತು ಪರಿಚಯ ಇಲ್ಲದ ಒಬ್ಬ ಮೆಂಟರ್.

ಎರಿಕ್ ವಾಸ್ಟಲ್ 2015ರಿಂದ ಪ್ರತಿ ಡಿಸೆಂಬರ್ ನಡೆಸುವ ಅಡ್ವೆಂಟ್ ಆಫ್ ಕೋಡ್ ಖುಷಿಗೆ ಚೆನ್ನ. 25 ದಿನ ಇದ್ದದ್ದು 2025ರಲ್ಲಿ 12 ದಿನಕ್ಕೆ ಇಳಿದಿದೆ, ಕೆಲಸದ ನಡುವೆ ಮುಗಿಸಬಹುದು. ಹೊಸ ಭಾಷೆ ಪಳಗಿಸಲು ಬಳಸಿ.

ಬೇರೆಯವರ ಕೋಡ್ ಓದುವುದು

ಇದನ್ನು ತುಂಬ ಕಡಿಮೆ ಜನ ಮಾಡುತ್ತಾರೆ, ಅದೇ ನನಗೆ ಬೇಸರ. ದಿನಾ ಬಳಸುವ ಲೈಬ್ರರಿಯ ಒಳಗೆ ಇಳಿಯಲು ಎಡಿಟರ್‌ನಲ್ಲಿ ಒಂದು ಕ್ಲಿಕ್ ಸಾಕು. ಪೈಥಾನ್‌ನವರು ಕಲೆಕ್ಷನ್ಸ್ ಮಾಡ್ಯೂಲ್‌ನಲ್ಲಿ ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸುವ ಕೌಂಟರ್ ತೆರೆದು, ಹೆಚ್ಚು ಸಲ ಬಂದವನ್ನು ಕೊಡುವ ಮೋಸ್ಟ್ ಕಾಮನ್ ಎನ್ನುವ ಮೆಥಡ್ ನೋಡಿ. ವಿವರಣೆ ಬಿಟ್ಟರೆ ಕೆಲವೇ ಸಾಲು. ಎಷ್ಟು ಬೇಕು ಎಂದು ಹೇಳದಿದ್ದರೆ ಎಲ್ಲವನ್ನೂ ಸಾರ್ಟ್ ಮಾಡುತ್ತದೆ. ಮೊದಲ ಹತ್ತು ಸಾಕು ಎಂದರೆ ಪೂರ್ತಿ ಸಾರ್ಟ್ ಮಾಡುವ ಗೋಜಿಗೇ ಹೋಗದೆ ಹೀಪ್ (ದೊಡ್ಡದನ್ನೋ ಚಿಕ್ಕದನ್ನೋ ಬೇಗ ಹೊರತೆಗೆಯುವ ಡೇಟಾ ಸ್ಟ್ರಕ್ಚರ್) ಬಳಸುತ್ತದೆ. ಇಂಪೋರ್ಟ್ ಫೈಲಿನ ತಲೆಯಲ್ಲಿರಬೇಕು ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಇಲ್ಲಿ ಹೀಪ್‌ನ ಇಂಪೋರ್ಟ್ ಮೆಥಡ್ ಒಳಗೇ ಇದೆ. ಅದರ ಮೇಲೊಂದು ಸಾಲಿನ ಕಾಮೆಂಟ್: ಪೈಥಾನ್ ಬೇಗ ಶುರುವಾಗಲಿ ಎಂದು ಹೀಗೆ ಮಾಡಿದೆ. ನಿಯಮ ಮುರಿದಿದ್ದಾರೆ, ಯಾಕೆ ಮುರಿದೆವು ಎಂದೂ ಬರೆದಿಟ್ಟಿದ್ದಾರೆ. ಕಾಮೆಂಟ್ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಸಾಲು ತೋರಿಸುತ್ತೇನೆ.

ಓದುವುದರಲ್ಲೂ ತಪ್ಪು ತೋರಿಸುವವರಿಲ್ಲ. ಆದರೆ ಓದಿದ ಪ್ರಾಜೆಕ್ಟ್‌ಗೆ ಒಂದು ಚಿಕ್ಕ ತಿದ್ದುಪಡಿ ಕಳಿಸಿದರೆ ಬರುತ್ತಾರೆ. ಹೊರಗಿನ ರಿವ್ಯೂಗೆ ಇದು ಎರಡನೇ ಬಾಗಿಲು. ಡಾಕ್ಯುಮೆಂಟೇಶನ್‌ನ ಒಂದು ತಪ್ಪು, ಬಿಟ್ಟುಹೋದ ಒಂದು ಟೆಸ್ಟ್, ಇಷ್ಟರಿಂದ ಶುರು ಮಾಡಿ. ಉತ್ತರ ಬರಲು ವಾರಗಳೇ ಹಿಡಿಯಬಹುದು, ತಾಳ್ಮೆ ಇರಲಿ.

ಎಐ

ಈಗ ಎಲ್ಲರೂ ಮೊದಲು ಕೇಳುವುದು ಇದನ್ನೇ. ಯಾವ ಹೊತ್ತಿಗೂ ಸಿಗುತ್ತದೆ, ಎಷ್ಟು ಸಲ ಕೇಳಿದರೂ ಬೇಸರ ಮಾಡಿಕೊಳ್ಳುವುದಿಲ್ಲ. ಗೊತ್ತಿಲ್ಲದ ಎರರ್ ಬಿಡಿಸಿ ಹೇಳಲು, ಪುಸ್ತಕದ ಕಷ್ಟದ ಪ್ಯಾರಾ ಕನ್ನಡದಲ್ಲಿ ಕೇಳಲು ನಾನೂ ಬಳಸುತ್ತೇನೆ. ತೊಂದರೆ ಎಂದರೆ, ಅದು ನೀವು ಹೇಳಿದ್ದಕ್ಕೆ ಬೇಗ ಹೂಂಗುಟ್ಟುತ್ತದೆ, ಇಲ್ಲದ ಫಂಕ್ಷನ್ನನ್ನೂ ಇದೆ ಎಂದು ಧೈರ್ಯವಾಗಿ ಹೇಳುತ್ತದೆ. ನಿಮ್ಮ ಕಂಪನಿಯ ಆ ಕೋಡ್ ಯಾಕೆ ಹಾಗಿದೆ ಎನ್ನುವ ಹಿಂದಿನ ಕಥೆ ಅದಕ್ಕೆ ಗೊತ್ತಿಲ್ಲ. ಮೊದಲು ನೀವು ಬರೆಯಿರಿ, ಆಮೇಲೆ "ಇದು ಯಾವಾಗ ಒಡೆಯುತ್ತದೆ?" ಎಂದು ಕೇಳಿ. ಬರೆಯುವುದನ್ನೇ ಅದಕ್ಕೆ ಬಿಟ್ಟರೆ ತಪ್ಪು ಮಾಡುವ ಅವಕಾಶವೇ ನಿಮಗೆ ಸಿಗುವುದಿಲ್ಲ. ಕಂಪನಿಯ ಕೋಡ್ ಹಾಕುವ ಮೊದಲು ಅನುಮತಿ ಇದೆಯೇ ಎಂದೂ ನೋಡಿಕೊಳ್ಳಿ.

ಹಾಗಾದರೆ ನಿಮಗೆ ಯಾವುದು?

ಒಳ್ಳೆಯ ಸೀನಿಯರ್ ಇರುವ ಟೀಮ್‌ನಲ್ಲಿದ್ದೀರಾ? ದುಡ್ಡು ಕೊಟ್ಟು ಯಾವ ಕೋರ್ಸೂ ತೆಗೆದುಕೊಳ್ಳಬೇಡಿ. ರಿವ್ಯೂ, ಜೊತೆಗೆ ಔಸ್ಟರ್‌ಹೌಟ್ ಪುಸ್ತಕ, ಆರು ತಿಂಗಳಿಗೆ ಸಾಕು. ಸರ್ವಿಸ್ ಕಂಪನಿಯಲ್ಲಿ ಹಳೇ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದರೆ ಫೆದರ್ಸ್ ಮತ್ತು ಮಿಸ್ಸಿಂಗ್ ಸೆಮಿಸ್ಟರ್. ಮೂರು ತಿಂಗಳಲ್ಲಿ ಕೆಲಸ ಬದಲಿಸಬೇಕು ಎಂದಿದ್ದರೆ ಲೀಟ್‌ಕೋಡ್‌ಗೆ ದಿನಕ್ಕೊಂದು ತಾಸು ಕೊಡಿ, ಉಳಿದದ್ದು ಹೊಸ ಕೆಲಸ ಸಿಕ್ಕಿದ ಮೇಲೆ. ಬುನಾದಿಯೇ ಗಟ್ಟಿ ಇಲ್ಲ ಅನಿಸಿದರೆ ಎನ್‌ಪಿಟಿಇಎಲ್. ಜನವರಿ ಮತ್ತು ಜುಲೈನಲ್ಲಿ ಹೊಸ ತಂಡ ಶುರುವಾಗುತ್ತದೆ.

ಒಬ್ಬರೇ ಕೆಲಸ ಮಾಡುವವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಊರಿಗೆ ಹೋಗಿ ಮನೆಯಿಂದ ಫ್ರೀಲಾನ್ಸ್ ಮಾಡುವವರು, ಚಿಕ್ಕ ಕಂಪನಿಯ ಒಬ್ಬನೇ ಡೆವಲಪರ್. ಇವರಿಗೆ ವರ್ಷಗಟ್ಟಲೆ ಒಬ್ಬರೂ ತಪ್ಪು ತೋರಿಸಿರುವುದಿಲ್ಲ. ನೀವು ಅಂಥವರಾದರೆ ಈ ವಾರವೇ ಎಕ್ಸರ್ಸಿಸಂನಲ್ಲಿ ಒಂದು ಅಭ್ಯಾಸ ಮುಗಿಸಿ ಮೆಂಟರ್ ಕೇಳಿ. ಬೆಂಗಳೂರಿಗೆ ಬರುವುದಿದ್ದರೆ ಪೈಥಾನ್‌ನವರ ಬ್ಯಾಂಗ್‌ಪೈಪರ್ಸ್, ಮುಕ್ತ ತಂತ್ರಾಂಶದವರ ಫಾಸ್ ಯುನೈಟೆಡ್‌ನ ಮೀಟಪ್, ಯಾವುದಾದರೂ ಒಂದರ ದಿನಾಂಕ ನೋಡಿಕೊಂಡು ಬನ್ನಿ. ಭಾಷಣ ಮುಗಿದ ಮೇಲೆ ಟೀ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತೆರೆದು, ನಿಮ್ಮ ಕೋಡಿನ ಒಂದೇ ಒಂದು ಫೈಲ್ ಪಕ್ಕದವರಿಗೆ ತೋರಿಸಿ, "ಇದರಲ್ಲಿ ಏನು ಸರಿ ಇಲ್ಲ ಅನ್ಸುತ್ತೆ?" ಎಂದು ಕೇಳಿ. ನಾನು ಹೀಗೆ ಕೇಳಿದ ಮೊದಲ ಸಲ ಎದುರಿಗಿದ್ದವರು ಟೀ ಲೋಟ ಪಕ್ಕಕ್ಕಿಟ್ಟು ಮುಕ್ಕಾಲು ಗಂಟೆ ಕೂತರು.